ಓದುಗರ ಪ್ರಶ್ನೆಗಳು: ಶಕವರ್ಷ, ಷಟ್ಪದಿ, ವಜ್ರ, ಅರ್ಕಾವತ್ತು

ಪ್ರಶ್ನೆ: ಒಂದು ಶಾಸನದ ಪಾಠದಲ್ಲಿ ‘ಶಕ ವರುಷ 1444ನೆಯ ವೃಷ ಸಂವತ್ಸರದ ಫಾಲ್ಗುಣ’ ಎಂದಿದೆ. 78 ಕೂಡಿಸಿದೆ, ಕ್ರಿ.ಶ. 1522 ಬಂತು. ಸರಿಯೇ?

ಉತ್ತರ: ಇಸವಿ ಸರಿ, ದಾರಿ ತಪ್ಪು. ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿವೆ. ಮೊದಲು ಸಂವತ್ಸರವನ್ನು ತಾಳೆ ನೋಡಬೇಕು. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಉಳಿಯುವ ಶೇಷವೇ, 60 ಸಂವತ್ಸರಗಳ ಚಕ್ರದಲ್ಲಿ ಮೊದಲನೆಯದಾದ ಪ್ರಭವದಿಂದ ಎಣಿಸಿದ ಸಂವತ್ಸರದ ಕ್ರಮಸಂಖ್ಯೆ. ಶೇಷ ಸೊನ್ನೆಯಾದರೆ 60ನೆಯದು, ಅಂದರೆ ಕ್ಷಯ. 1444ಕ್ಕೆ ಶೇಷ 16, ಅದು ಚಿತ್ರಭಾನು. ಕಲ್ಲಿನಲ್ಲಿರುವ ವೃಷ 15ನೆಯದು. ಹೀಗೆ ಒಂದರ ವ್ಯತ್ಯಾಸ ಬಂದರೆ ಲಿಪಿಕಾರನನ್ನು ಬೈಯಬೇಕಿಲ್ಲ. ಆತ ನಡೆಯುತ್ತಿರುವ ವರ್ಷವನ್ನು ಎಣಿಸಿದ್ದಾನೆ, ಪಂಚಾಂಗ ಎಣಿಸುವುದು ಕಳೆದ ವರ್ಷಗಳನ್ನು. ಹಾಗಾಗಿ ಇಲ್ಲಿ ಹಿಡಿಯಬೇಕಾದದ್ದು 1443.

ಇನ್ನು ತಿಂಗಳು. ಶಕವರ್ಷ ಚೈತ್ರದಲ್ಲಿ ಹುಟ್ಟುತ್ತದೆ. ಜನವರಿ ದಾಟಿದ ಮೇಲೆ ಬರುವ ಮಾಘ, ಫಾಲ್ಗುಣಗಳಿಗೆ 78 ಅಲ್ಲ, 79 ಕೂಡಿಸಬೇಕು. ಪುಷ್ಯ ಮಾಸವಾದರೆ ತಿಥಿ ನೋಡಿ ತೀರ್ಮಾನಿಸಬೇಕು. 1443ಕ್ಕೆ 79 ಸೇರಿಸಿದರೆ 1522. ಇದೇ ಶಾಸನದಲ್ಲಿ ವೈಶಾಖವೆಂದಿದ್ದರೆ ಉತ್ತರ 1521 ಆಗುತ್ತಿತ್ತು, ನಿಮ್ಮ ಲೆಕ್ಕ ಒಂದು ವರ್ಷ ಮುಂದೋಡುತ್ತಿತ್ತು. ಈ ಸೂತ್ರ ವಿಜಯನಗರ ಕಾಲಕ್ಕೆ ನಿಶ್ಚಿಂತೆಯಿಂದ ಹೊಂದುತ್ತದೆ. ಬಾದಾಮಿ ಚಾಲುಕ್ಯ, ರಾಷ್ಟ್ರಕೂಟರ ಕಾಲಕ್ಕೆ ಹಚ್ಚಬೇಡಿ. ಆಗ ಗುರುವಿನ ಗತಿಯನ್ನು ಅನುಸರಿಸಿ ನಡುವೆ ಸಂವತ್ಸರವೊಂದನ್ನು ಬಿಟ್ಟು ಎಣಿಸುವ ಪದ್ಧತಿಯೂ ಇತ್ತು.

ಪ್ರಶ್ನೆ: ಕೃಷ್ಣಾ ನದಿ ಹುಟ್ಟುವುದು ಅರಬ್ಬಿ ಸಮುದ್ರದ ಪಕ್ಕದಲ್ಲೇ. ಸೇರುವುದು ಮಾತ್ರ ಬಂಗಾಳ ಕೊಲ್ಲಿಯನ್ನು. ಏಕೆ?

ಉತ್ತರ: ಮಹಾಬಲೇಶ್ವರದಿಂದ ಪಶ್ಚಿಮದ ಕಡಲಿಗೆ ಸುಮಾರು 65 ಕಿ.ಮೀ. ಮಾತ್ರ, ನದಿ ಹರಿಯುವುದು 1,400 ಕಿ.ಮೀ. ದಖ್ಖನ್ ಪ್ರಸ್ಥಭೂಮಿ ಪೂರ್ವಕ್ಕೆ ವಾಲಿದೆ, ಸಹ್ಯಾದ್ರಿಯೇ ಅದರ ಎತ್ತರದ ಅಂಚು. ಅಂಚಿನ ಆಚೆ ಬಿದ್ದ ನೀರು ಕಡಿದಾಗಿ ಇಳಿದು ಬೇಗ ಕಡಲು ಸೇರುತ್ತದೆ. ಈಚೆ ಬಿದ್ದದ್ದು ಇಡೀ ದಖ್ಖನ್ನನ್ನು ದಾಟಲೇಬೇಕು.

ಪ್ರಶ್ನೆ: ಆರು ಸಾಲಿನ ಷಟ್ಪದಿ ಪದ್ಯವೊಂದು ಭಾಮಿನಿಯೋ ವಾರ್ಧಕವೋ ಎಂದು ಬೇಗ ಗುರುತಿಸುವುದು ಹೇಗೆ?

ಉತ್ತರ: ಮೊದಲ ಸಾಲಿನ ಮಾತ್ರೆ ಎಣಿಸಿ: ಲಘು, ಅಂದರೆ ಹ್ರಸ್ವ ಅಕ್ಷರಕ್ಕೆ ಒಂದು; ಗುರು, ಅಂದರೆ ದೀರ್ಘ ಅಕ್ಷರಕ್ಕೆ ಎರಡು. 14 ಬಂದರೆ ಭಾಮಿನಿ, 20 ಬಂದರೆ ವಾರ್ಧಕ. ಉಳಿದವೂ ಬೇಕೆಂದರೆ ಶರ 8, ಕುಸುಮ 10, ಭೋಗ 12, ಪರಿವರ್ಧಿನಿ 16. ಮೂರನೆಯ ಮತ್ತು ಆರನೆಯ ಸಾಲು ಎಲ್ಲದರಲ್ಲೂ ಮೊದಲ ಸಾಲಿನ ಒಂದೂವರೆಪಟ್ಟು, ಕೊನೆಗೊಂದು ಗುರು. ಭಾಮಿನಿಗೆ 21 ಮತ್ತು 2 ಸೇರಿ 23, ವಾರ್ಧಕಕ್ಕೆ 32.

ಭಾಮಿನಿಯ ನಡೆ 3, 4, 3, 4 ಮಾತ್ರೆಗಳ ಗಣಗಳು, ಅಂದರೆ ಗುಂಪುಗಳು. ‘ಮುಗಿಲ ಮರೆಯಲಿ ಮಿನುಗಿ ನಿಂತನು’ ಎಂಬ ಸಾಲನ್ನು ಎಣಿಸಿ ನೋಡಿ. ‘ನಿಂತನು’ ಮೂರೇ ಅಕ್ಷರ, ಆದರೆ ಅನುಸ್ವಾರದಿಂದ ‘ನಿಂ’ ಗುರುವಾಗಿ ನಾಲ್ಕು ಮಾತ್ರೆ. ಒತ್ತಕ್ಷರದ ಹಿಂದಿನ ಅಕ್ಷರವೂ ಗುರು ಎಂಬುದನ್ನು ಮರೆಯುವುದರಿಂದಲೇ ಹೆಚ್ಚಿನವರ ಲೆಕ್ಕ ಕೆಡುತ್ತದೆ. ಗಣದ ಮೊದಲಲ್ಲೇ ಒಂದು ಲಘು, ಕೂಡಲೇ ಗುರು ಸಿಕ್ಕರೆ ವಿಭಾಗಿಸಿದ್ದು ತಪ್ಪಾಗಿದೆ ಎಂದು ತಿಳಿಯಿರಿ. ಷಟ್ಪದಿಯಲ್ಲಿ ಆ ವಿನ್ಯಾಸಕ್ಕೆ ಪ್ರವೇಶವಿಲ್ಲ. ಹಳೆಯ ಮುದ್ರಣದಲ್ಲಿ ಸಾಲುಗಳು ಒಂದರೊಳಗೊಂದು ಬೆರೆತಿದ್ದರೆ ಆದಿಪ್ರಾಸ ಹುಡುಕಿ: ಆರೂ ಸಾಲುಗಳ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಇರುತ್ತದೆ.

ಪ್ರಶ್ನೆ: ವಜ್ರ ಸುತ್ತಿಗೆ ಏಟಿಗೆ ಒಡೆಯುವುದೇ? ಟೆಸ್ಟರ್ ಯಂತ್ರ ‘ವಜ್ರ’ ಎಂದು ತೋರಿಸಿದರೆ ನಂಬಬಹುದೇ?

ಉತ್ತರ: ಖಂಡಿತ ಒಡೆಯುತ್ತದೆ. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ವಜ್ರಕ್ಕಿರುವ 10 ಎಂಬುದು ಗೀರು ಬೀಳದಿರುವ ಗುಣಕ್ಕೆ ಕೊಟ್ಟ ಅಂಕ, ಏಟು ತಾಳುವ ಗುಣಕ್ಕಲ್ಲ. ವಜ್ರದ ಹರಳಿನಲ್ಲಿ ಸುಲಭವಾಗಿ ಸೀಳುವ ನಾಲ್ಕು ದಿಕ್ಕುಗಳಿವೆ. 3,106 ಕ್ಯಾರೆಟ್‌ನ ಕಲಿನನ್ ವಜ್ರವನ್ನು 1908ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೀಳಿದ್ದು ಈ ಗುಣವನ್ನೇ ನಂಬಿ.

ಟೆಸ್ಟರನ್ನು ಪೂರ್ತಿ ನಂಬಬೇಡಿ. ಸಾಮಾನ್ಯ ಯಂತ್ರ ಅಳೆಯುವುದು ಶಾಖ ಹರಿಯುವ ವೇಗವನ್ನು. ವಜ್ರದಂತೆ ಕಾಣುವ ಕೃತಕ ಹರಳು ಕ್ಯೂಬಿಕ್ ಜಿರ್ಕೋನಿಯಾ ಅಲ್ಲಿ ಸಿಕ್ಕಿಬೀಳುತ್ತದೆ. ಸಿಲಿಕಾನ್ ಕಾರ್ಬೈಡ್‌ನ ಮೊಯ್ಸನೈಟ್ ಶಾಖವನ್ನು ಚೆನ್ನಾಗಿ ಹರಿಸುವುದರಿಂದ ಪಾರಾಗುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದು, ಹರಳನ್ನು ಓರೆಯಾಗಿಸಿ ಹಿಂಭಾಗದ ಮುಖಗಳ ಅಂಚು ನೋಡಿ. ಗೆರೆಗಳು ಜೋಡಿಯಾಗಿ ಕಂಡರೆ ಅದು ವಜ್ರವಲ್ಲ. ನೇರ ಮೇಲಿನಿಂದ ನೋಡಿದರೆ ಮೊಯ್ಸನೈಟಿನಲ್ಲೂ ಜೋಡಿಗೆರೆ ಕಾಣದೆ ಹೋಗಬಹುದು, ಓರೆ ಮಾಡುವುದು ಅದಕ್ಕೇ. ವಜ್ರವನ್ನು ಸೋಪುನೀರಿನಲ್ಲಿ ಮೃದು ಬ್ರಷ್‌ನಿಂದ ತೊಳೆಯಬಹುದು. ಪಚ್ಚೆ ಮತ್ತು ಮುತ್ತನ್ನು ಮಾತ್ರ ಅಲ್ಟ್ರಾಸಾನಿಕ್ ಯಂತ್ರಕ್ಕೆ ಹಾಕಬೇಡಿ: ಪಚ್ಚೆಯ ಬಿರುಕಿಗೆ ತುಂಬಿದ ಎಣ್ಣೆ ಹೊರಬಿದ್ದು ಬಿರುಕು ಎದ್ದು ಕಾಣುತ್ತದೆ, ಮುತ್ತಿನ ಪದರ ಕೆಡುತ್ತದೆ.

ಪ್ರಶ್ನೆ: 1 ಟಿಬಿ ಹಾರ್ಡ್ ಡಿಸ್ಕ್ ಕೊಂಡರೆ ವಿಂಡೋಸ್ 931 ಜಿಬಿ ತೋರಿಸುತ್ತದೆ. ಉಳಿದದ್ದೆಲ್ಲಿ?

ಉತ್ತರ: ಎಲ್ಲೂ ಹೋಗಿಲ್ಲ. ತಯಾರಕರು ಜಿಬಿಗೆ ನೂರು ಕೋಟಿ ಬೈಟ್ ಎಂದು ಎಣಿಸುತ್ತಾರೆ, ವಿಂಡೋಸ್ 1,024ರ ಘನ, ಅಂದರೆ 107 ಕೋಟಿ ಚಿಲ್ಲರೆ ಎಂದು.

ಪ್ರಶ್ನೆ: ಯುನಿಕೋಡ್‌ನಲ್ಲಿ ‘ರ‍್ಯಾಂಕ್’ ಬರೆಯಹೋದರೆ ರಕಾರ ಅರ್ಕಾವತ್ತಾಗಿ (ಮುಂದಿನ ಅಕ್ಷರದ ಬಲಕ್ಕೆ ಬರುವ ಚಿಹ್ನೆಯಾಗಿ) ‘ರ್ಯಾಂಕ್’ ಆಗುತ್ತದೆ. ಪರಿಹಾರ?

ಉತ್ತರ: ‘ಸೂರ್ಯ’ಕ್ಕೆ ಬೇಕಾದ ಅರ್ಕಾವತ್ತನ್ನೇ ಯುನಿಕೋಡ್ ಸಹಜ ರೂಪವೆಂದು ಹಿಡಿದಿದೆ. ತಪ್ಪಿಸಲು ‘ರ’ ಮತ್ತು ಹಲಂತದ (ಸ್ವರ ಕಳೆದು ಅರ್ಧಾಕ್ಷರ ಮಾಡುವ ಚಿಹ್ನೆಯ) ನಡುವೆ ಝಡ್‌ಡಬ್ಲ್ಯುಜೆ ಎಂಬ ಕಣ್ಣಿಗೆ ಕಾಣದ ಅಕ್ಷರ ಬೇಕು. ಮೈಕ್ರೋಸಾಫ್ಟ್ ವರ್ಡ್‌ನಲ್ಲಾದರೆ ‘ರ’ ಒತ್ತಿ, 200 ಮತ್ತು ಇಂಗ್ಲಿಷಿನ ಡಿ ಒತ್ತಿ, ಆಲ್ಟ್ ಹಿಡಿದು ಎಕ್ಸ್ ಒತ್ತಿ. ಆಮೇಲೆ ಹಲಂತ, ‘ಯ’, ದೀರ್ಘ. ಹಲಂತ ಮೊದಲು ಬಂದರೆ ಕೆಲಸವಾಗದು. ‘ಸಾಫ್ಟ್‌ವೇರ್’ನಲ್ಲಿ ವಕಾರ ಒತ್ತಾಗದಂತೆ ತಡೆಯಲು ಇದರ ಜೋಡಿ 200ಸಿ ಇದೆ; ಅದನ್ನು ಹಾಕುವುದು ಹಲಂತದ ನಂತರ. ಒಂದು ತೊಡಕು ಉಳಿಯುತ್ತದೆ: ಕೆಲವು ತಂತ್ರಾಂಶಗಳಲ್ಲಿ ಈ ಕಾಣದ ಅಕ್ಷರವಿಲ್ಲದೆ ಬರೆದು ಹುಡುಕಿದರೆ ಪದ ಸಿಗುವುದಿಲ್ಲ. ಕಡತದಲ್ಲಿರುವ ಪದವನ್ನೇ ನಕಲು ಮಾಡಿ ಹುಡುಕು ಪೆಟ್ಟಿಗೆಗೆ ಅಂಟಿಸಿ.