ಸ್ವಂತ ಚಿತ್ರದಲ್ಲಿ ಕೆನ್ನೆಯ ಗಾಯದ ಗುರುತು ಬಿಟ್ಟರೆ ಸುಳ್ಳಾಗುತ್ತದಾ?

ಕನ್ನಡಿ ನೋಡಿಕೊಂಡು ನಿಮ್ಮದೇ ಚಿತ್ರ ಬರೆಯುತ್ತಿದ್ದೀರಿ, ಕೆನ್ನೆಯ ಹಳೇ ಗಾಯದ ಗುರುತು ಬಿಡಬಹುದಾ ಅಂತ ಕೇಳಿದ್ದೀರಿ. ಬಿಡಬಹುದು. ಆದರೆ ಯಾಕೆ ಬಿಡುತ್ತಿದ್ದೀರಿ ಅಂತ ಒಮ್ಮೆ ನಿಮ್ಮನ್ನೇ ಕೇಳಿಕೊಳ್ಳಿ.

ನಾನು ಕೊಡಗಿನ ಸಿದ್ದಾಪುರದ ಹತ್ತಿರ, ಕಾಫಿ ತೋಟದ ಕೂಲಿಯವರ ಲೈನ್ ಮನೆಯಲ್ಲಿ ಬೆಳೆದವನು. ಕೊಡವನಲ್ಲ. ಚಿತ್ರಕಲೆ ಕಲಿಯಲು ಮೈಸೂರಿಗೆ ಹೋದಾಗ, ಕೊಡಗಿನವನು ಅಂದರೆ ಸಾಕು, ಎಲ್ಲರೂ ಕೊಡವರ ಉದ್ದ ಕೋಟು ಕುಪ್ಯ, ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ ಬಗ್ಗೆಯೇ ಕೇಳುತ್ತಿದ್ದರು. ಮೊದಲ ವರ್ಷ ಸ್ವಂತ ಚಿತ್ರ ಬರೆಯಿರಿ ಅಂದಾಗ ಗೆಳೆಯನ ಕುಪ್ಯ ಇಸ್ಕೊಂಡು, ಹಾಕಿಕೊಂಡು ಬರೆದೆ. ಮೂಗು, ಕಣ್ಣು, ಹುಬ್ಬಿನ ಮೇಲಿನ ಮಚ್ಚೆ, ಒಂದೂ ತಪ್ಪಿರಲಿಲ್ಲ. ಎಲ್ಲರೂ ಮೆಚ್ಚಿದರು.

ಜನವರಿಯಲ್ಲಿ ಆ ಚಿತ್ರವನ್ನು ಊರಿಗೆ ತಂದೆ. ಅಮ್ಮ ತುಂಬಾ ಹೊತ್ತು ನೋಡಿದಳು. "ಚೆನ್ನಾಗಿದೆ ಮಗಾ. ಯಾರ ಮದುವೆಗೆ ಹಾಕ್ಕೊಂಡಿದ್ದೆ?" ಅಂದಳು.

ಆಗಷ್ಟೇ ಕಾಫಿ ಕುಯ್ದು ಬಂದಿದ್ದಳು. ಹಣ್ಣಿನ ಅಂಟು ಬೆರಳಿಗೆ ಕಪ್ಪಾಗಿ ಮೆತ್ತಿಕೊಂಡಿತ್ತು. ಎಷ್ಟು ತೊಳೆದರೂ ಅದು ಉಗುರಿನ ಸಂದಿಯಲ್ಲಿ ಉಳಿಯುತ್ತದೆ. ರಜೆಯಲ್ಲಿ ಕುಯ್ಯಲು ಹೋದಾಗ ನನ್ನ ಕೈಯೂ ಹಾಗೇ ಇರುತ್ತಿತ್ತು. ಆ ಚಿತ್ರದಲ್ಲಿ ನಾನು ಕೈಯನ್ನೇ ಬರೆದಿರಲಿಲ್ಲ. ಕುಪ್ಯ ತುಂಬಾ ಚಂದ, ಅದನ್ನು ಹಾಕುವ ಮನೆಯವರಿಗೆ ಅದು ಹೆಮ್ಮೆ. ನಾನು ಬೇರೆಯವರ ಹೆಮ್ಮೆಯ ಹಿಂದೆ ನನ್ನ ಕೈ ಬಚ್ಚಿಟ್ಟಿದ್ದೆ. ಈಗಲೂ ನೆನೆಸಿಕೊಂಡರೆ ಹೊಟ್ಟೆ ಹಿಂಡುತ್ತದೆ.

ಕಂಡಿದ್ದನ್ನು ಕಂಡ ಹಾಗೆ ಬರೆದರೆ ಸಾಕು ಅನ್ನುವವರಿಗೆ ನಾನು ಡಚ್ ಚಿತ್ರಕಾರ ವ್ಯಾನ್ ಗೋ ಬರೆದ ಅವನದೇ ಚಿತ್ರ ತೋರಿಸುತ್ತೇನೆ. 1888ರ ಡಿಸೆಂಬರ್‌ನಲ್ಲಿ ಅವನು ಕೊಯ್ದುಕೊಂಡಿದ್ದು ಎಡಗಿವಿ. 1889ರ ಜನವರಿಯಲ್ಲಿ ಬರೆದ ಚಿತ್ರದಲ್ಲಿ ಪಟ್ಟಿ ಬಲಗಿವಿಗೆ ಕಟ್ಟಿದ ಹಾಗೆ ಕಾಣುತ್ತದೆ. ಕನ್ನಡಿ ಎಡಬಲ ಬದಲಿಸುತ್ತದಲ್ವಾ, ಅವನು ಕನ್ನಡಿಯಲ್ಲಿ ಕಂಡದ್ದನ್ನೇ ಬರೆದ. ಲೆಕ್ಕಕ್ಕೆ ಅದು ತಪ್ಪು. ಆದರೆ ಟೋಪಿ ಎಳೆದು ಪಟ್ಟಿ ಮುಚ್ಚಬಹುದಿತ್ತು, ಮುಖ ಆ ಕಡೆ ತಿರುಗಿಸಬಹುದಿತ್ತು. ಎರಡೂ ಮಾಡದೆ ಗಾಯದ ಕಡೆಯನ್ನೇ ಮುಂದಿಟ್ಟ.

ಎರಡನೇ ಚಿತ್ರ ಬರೆದಾಗ ತಲೆಗೆ ಟವಲ್, ಸೊಂಟಕ್ಕೆ ಚೀಲ ಕಟ್ಟಿಕೊಂಡು ಕನ್ನಡಿ ಮುಂದೆ ನಿಂತೆ. ಕೈಗೇ ಮೂರು ದಿನ ಹಿಡಿಯಿತು. ಬರೀ ಕಪ್ಪು ಹಾಕಿದರೆ ಸುಮ್ನೆ ಕೊಳೆ ಥರ ಕಾಣುತ್ತಿತ್ತು. ಬರ್ಂಟ್ ಅಂಬರ್ ಅನ್ನುವ ಕಡು ಕಂದು ಬಣ್ಣಕ್ಕೆ ಸ್ವಲ್ಪ ನೀಲಿ ಬೆರೆಸಿದ ಮೇಲೆ ಅಂಟಿನ ಬಣ್ಣ ಬಂತು. ಹುಬ್ಬಿನ ಮಚ್ಚೆ ಬರೆಯುವುದು ಮರೆತೇ ಹೋಯಿತು. ಅಮ್ಮನೂ ಅದನ್ನು ಕೇಳಲಿಲ್ಲ, ಬೆರಳನ್ನು ಮುಟ್ಟಿ ನೋಡಿದಳು.