ತೀರಿಕೊಂಡವರ ಕತೆಗೆ ಕೈ ಹಾಕುವುದು

ಬಸವಕಲ್ಯಾಣದ ಓದುಗರೊಬ್ಬರ ಪತ್ರ: “ಕೋನನ್ ಕತೆಗಳನ್ನು ಡಿ ಕ್ಯಾಂಪ್ ಕೆಡಿಸಿದ ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಆತ ಇಲ್ಲದಿದ್ದರೆ ಕೋನನ್ ಹೆಸರು ಯಾರಿಗೆ ಗೊತ್ತಿರುತ್ತಿತ್ತು? ಶರಣರ ವಚನ ಜೋಡಿಸಿ ಶೂನ್ಯಸಂಪಾದನೆ ಮಾಡಿದವರನ್ನೂ ಹೀಗೇ ಬೈಯುತ್ತೀರಾ? ನೀವೇನು ಕತೆಗೆ ಕತ್ತರಿ ಹಾಕಲ್ವಾ? ಅದಿರಲಿ, ಮಗಳು ಈ ಕತೆ ಓದಬೇಕು ಅಂತಿದ್ದಾಳೆ, ಯಾವ ಪುಸ್ತಕ ಕೊಡಿಸಲಿ?”

ನಮಸ್ಕಾರ ಸರ್. ಪತ್ರದಲ್ಲಿ ಸಿಟ್ಟಿದೆ, ಆದರೆ ಅರ್ಧ ಮಾತು ನಿಮ್ಮದೇ ಸರಿ. ಕೋನನ್ ಎಂಬ ಖಡ್ಗವೀರನ ಕತೆಗಳನ್ನು ಬರೆದ ಟೆಕ್ಸಾಸ್‌ನ ರಾಬರ್ಟ್ ಇ. ಹೊವರ್ಡ್ 1936ರಲ್ಲಿ ತೀರಿಕೊಂಡಾಗ ವಯಸ್ಸು ಬರೀ 30. ಅವರ ಕತೆಗಳು ಬಂದಿದ್ದು ಅಗ್ಗದ ಮಾಸಪತ್ರಿಕೆಗಳಲ್ಲಿ. 1966ರಿಂದ ಅವನ್ನು ಪೇಪರ್‌ಬ್ಯಾಕ್‌ನಲ್ಲಿ ಊರೂರಿಗೆ ಮುಟ್ಟಿಸಿದವರು ಎಲ್. ಸ್ಪ್ರೇಗ್ ಡಿ ಕ್ಯಾಂಪ್ ಮತ್ತು ಲಿನ್ ಕಾರ್ಟರ್ ಎಂಬ ಲೇಖಕರು. ಫ್ರಾಂಕ್ ಫ್ರಜೆಟಾ ಬರೆದ ಮುಖಪುಟ ಚಿತ್ರಗಳೂ ಕೈ ಹಿಡಿದವು ಅನ್ನಿ.

ನನ್ನ ತಕರಾರು ಬೇರೆ. ‘ದಿ ಬ್ಲ್ಯಾಕ್ ಸ್ಟ್ರೇಂಜರ್’ ಅಂತ ಒಂದು ಕೋನನ್ ಕತೆ. ಹೊವರ್ಡ್ ಬದುಕಿದ್ದಾಗ ಅದು ಅಚ್ಚಾಗಲಿಲ್ಲ. ಡಿ ಕ್ಯಾಂಪ್ ಅದನ್ನು ತಿದ್ದಿ 1953ರಲ್ಲಿ ಪ್ರಕಟಿಸಿದರು. ಮೂಲದಲ್ಲಿ ಕೋನನ್ ಕೊನೆಗೆ ಕಡಲ್ಗಳ್ಳನಾಗಿ ಮತ್ತೆ ಸಮುದ್ರಕ್ಕೆ ಹೋಗುತ್ತಾನೆ. ತಿದ್ದಿದ್ದರಲ್ಲಿ ದಂಗೆಯ ಮುಂದಾಳಾಗಲು, ಮುಂದೆ ರಾಜನಾಗಲು ಹೊರಡುತ್ತಾನೆ. ಕಾರಣ ಸರಳ. ಬಿಡಿ ಕತೆಗಳನ್ನು ಪೋಣಿಸಿ ಒಬ್ಬನ ಪೂರ್ತಿ ಜೀವನಚರಿತ್ರೆ ಮಾಡುವ ಹುಕಿ ಡಿ ಕ್ಯಾಂಪ್ ಅವರದು. ಹೊವರ್ಡ್ ಬರೆದ ಹಾಗೇ ಆ ಕತೆ ಅಚ್ಚಾಗಿದ್ದು 1987ರಲ್ಲಿ! ಅಲ್ಲಿಯವರೆಗೆ 34 ವರ್ಷ ಓದುಗರಿಗೆ ಸಿಕ್ಕಿದ್ದು ತಿದ್ದಿದ ಕತೆ ಮಾತ್ರ. ತಿದ್ದಿದ್ದನ್ನು ಡಿ ಕ್ಯಾಂಪ್ ಮುಚ್ಚಿಡಲಿಲ್ಲ, ನಿಜ. ಆದರೆ ಮೂಲವೇ ಕೈಗೆ ಸಿಗದ ಓದುಗ ಏನಂತ ಹೋಲಿಸಿ ನೋಡಬೇಕು?

ಹೊವರ್ಡ್ ಕೂಡ ತಿದ್ದುತ್ತಿದ್ದರು. 1932ರ ಮೊದಲ ಕೋನನ್ ಕತೆಯೇ ಮಾರಾಟವಾಗದ ಇನ್ನೊಂದು ಕತೆಯನ್ನು ಬದಲಿಸಿ ಬರೆದದ್ದು. ಅದು ಅವರ ಸ್ವಂತ ಮಾಲು, ಕೇಳೋರು ಯಾರು? ನಾವೂ ಕತ್ತರಿ ಹಾಕುತ್ತೇವೆ. ಆಗ ಕತೆಗಾರರು ಫೋನ್ ಮಾಡಿ ಜಗಳಕ್ಕೆ ನಿಲ್ಲುತ್ತಾರೆ. ಜಾಸ್ತಿ ಸಲ ಗೆಲ್ಲುವುದೂ ಅವರೇ.

ಇನ್ನು ಶೂನ್ಯಸಂಪಾದನೆ. ಅಲ್ಲಿ ವಚನಗಳನ್ನು ಸಂವಾದದ ಹಾಗೆ ಜೋಡಿಸಿದ್ದಾರೆ, ಒಬ್ಬರಲ್ಲ, ನಾಲ್ವರು ನಾಲ್ಕು ರೀತಿ. ಆದರೆ ಅಂಕಿತ ಇದ್ದಲ್ಲೇ ಇದೆ. ‘ಗುಹೇಶ್ವರ’ ಅಂತ ಕಂಡರೆ ಅಲ್ಲಮ, ‘ಕೂಡಲಸಂಗಮದೇವ’ ಅಂತ ಕಂಡರೆ ಬಸವಣ್ಣ. ಬಿಡಿ ವಚನಗಳೂ ಬೇರೆ ಕಟ್ಟುಗಳಲ್ಲಿ ಉಳಿದವು. ಹಾಗಾಗಿ ಅವರನ್ನು ಬೈಯುವ ಮಾತೇ ಇಲ್ಲ. ಅದೇ ಬಸವಣ್ಣನವರ ಅಂಕಿತವನ್ನೇ ‘ಲಿಂಗದೇವ’ ಎಂದು ಬದಲಿಸಿದ ಪುಸ್ತಕ ಬಂದಾಗ ಎಷ್ಟು ಗದ್ದಲ ಆಯಿತು ಅಂತ ಕಲ್ಯಾಣದವರಿಗೆ ನಾನು ಹೇಳಬೇಕಾ? 1998ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು, 2017ರಲ್ಲಿ ಸುಪ್ರೀಂ ಕೋರ್ಟ್ ನಿಷೇಧವನ್ನು ಎತ್ತಿಹಿಡಿಯಿತು. ಪುಸ್ತಕ ನಿಷೇಧ ನನಗೆ ಹಿಡಿಸುವುದಿಲ್ಲ, ಅದು ಬೇರೆ ಮಾತು. ಆದರೆ ಆ ಸಿಟ್ಟು ನಿಮಗೆ ಅರ್ಥವಾಗುತ್ತದೆ ಅಂದರೆ ಹೊವರ್ಡ್ ಅಭಿಮಾನಿಗಳ ಸಿಟ್ಟೂ ಅರ್ಥವಾಗಬೇಕು.

ಮಗಳಿಗೆ 2003ರಿಂದ ಡೆಲ್ ರೇ ಪ್ರಕಾಶನ ತಂದ ಮೂರು ಸಂಪುಟ ಕೊಡಿಸಿ. ಪ್ಯಾಟ್ರಿಸ್ ಲುಯಿನೆ ಎಂಬ ಸಂಪಾದಕರು ಹೊವರ್ಡ್ ಅವರ ಮೂಲಪಾಠ ಹುಡುಕಿ ಮಾಡಿದ ಕೆಲಸ ಅದು. ಈ ಕಡಲ್ಗಳ್ಳನ ಕತೆ ಮೂರನೆಯದರಲ್ಲಿದೆ. ಅದಾದ ಮೇಲೆ ಡಿ ಕ್ಯಾಂಪ್ ತಿದ್ದಿದ್ದನ್ನೂ ಓದಲಿ. ಯಾವುದು ಹಿಡಿಸಿತು ಅಂತ ಆಕೆಯೇ ನಮಗೊಂದು ಪತ್ರ ಬರೆದರೆ ಅಚ್ಚು ಹಾಕುತ್ತೇವೆ, ಕತ್ತರಿ ಹಾಕದೆ.

— ಸಂಪಾದಕ, ಕಲಬುರಗಿ