ಮುಂಬೈಯಲ್ಲಿ ಡ್ರೈವರ್ ಇಲ್ಲದ ಶೇರ್ ಟ್ಯಾಕ್ಸಿ ಯಾವಾಗ ಬರಬಹುದು?

ಸದ್ಯಕ್ಕಂತೂ ಬರಲ್ಲ ಅಂತ ನನ್ನ ಅನಿಸಿಕೆ. ಶೇರ್ ಸವಾರಿ ನಮಗೆ ಹೊಸದೇನಲ್ಲ. ಮುಂಬೈ ಹತ್ತಿರದ, ನಮ್ಮ ಕನ್ನಡದವರೂ ಸಾಕಷ್ಟಿರುವ ಡೊಂಬಿವಲಿಯ ಸ್ಟೇಷನ್ ಹೊರಗೆ ಸಂಜೆ ನಿಂತು ನೋಡಿ. ಹಿಂದೆ ಮೂವರು ಕೂತ ಮೇಲೂ ಆಟೋದವನು ತನ್ನ ಸೀಟಿನಲ್ಲೇ ಸ್ವಲ್ಪ ಸರಿದು ನಾಲ್ಕನೆಯವರನ್ನು ಕರೆಯುತ್ತಾನೆ. (ನಿಯಮದ ಮಾತು ಬಿಡಿ.)

ಡ್ರೈವರ್ ಇಲ್ಲದ ಕಾರು ಕ್ಯಾಮೆರಾ, ರೇಡಾರ್, ಲೇಸರ್ ಬಳಸುವ ಲೈಡಾರ್‌ಗಳಿಂದ ಸುತ್ತಮುತ್ತ ನೋಡಿ, ಯಾರು ಎತ್ತ ಹೋಗಬಹುದು ಅಂತ ಊಹಿಸುತ್ತದೆ. ಅಮೆರಿಕದ ಫೀನಿಕ್ಸ್‌ ನಗರದಲ್ಲಿ ವೇಮೋ ಅನ್ನೋ ಕಂಪನಿ 2020ರಿಂದಲೇ ಹೀಗೆ ಜನರನ್ನು ಕರೆದೊಯ್ಯುತ್ತಿದೆ. ಅಲ್ಲಿ ಅಗಲ ರಸ್ತೆ, ಮಳೆಯೂ ಕಮ್ಮಿ. ಇಲ್ಲಿ ಜುಲೈಯಲ್ಲಿ ನೀರು ನಿಂತರೆ ಗುಂಡಿಯೇ ಕಾಣಲ್ಲ, ಇನ್ನು ಲೇನ್ ಗೆರೆ ಎಲ್ಲಿ ಬಂತು! ಕೈ ತೋರಿಸಿ ಅಡ್ಡ ಬರುವವರ ಜೊತೆ ನಮ್ಮ ಡ್ರೈವರ್ ಕಣ್ಣಲ್ಲೇ ಮಾತು ಮುಗಿಸುತ್ತಾನೆ. ಅದನ್ನು ಯಂತ್ರಕ್ಕೆ ಕಲಿಸೋದು ಕಷ್ಟ.

ಡ್ರೈವರ್‌ಗಳ ಕೆಲಸ ಹೋಗುತ್ತದೆ ಅಂತ ಸಚಿವ ನಿತಿನ್ ಗಡ್ಕರಿ 2017ರಲ್ಲೇ ಇಂಥ ಕಾರು ಬೇಡ ಅಂದಿದ್ದರು.

ಹಳಿ ಮೇಲಿನ ಕತೆ ಬೇರೆ. 2022ರಲ್ಲಿ ಶುರುವಾದ ಮುಂಬೈ ಮೆಟ್ರೋದ 2ಎ, 7 ಮಾರ್ಗಗಳ ರೈಲುಗಳನ್ನು ಡ್ರೈವರ್ ಇಲ್ಲದೆಯೂ ಓಡುವಂತೆಯೇ ಮಾಡಿದ್ದಾರೆ. ಅಲ್ಲಿ ಅಡ್ಡ ಬರುವವರು ಯಾರೂ ಇಲ್ಲ, ಅಲ್ವಾ?